ಘಾತ, ಆಘಾತ, ಗಾಯ

"ಅದು ಆಗಿ ಹನ್ನೊಂದು ವರ್ಷ ಆಯ್ತಲ್ಲ ಅಂತಾರೆ ಎಲ್ಲರೂ. ನನಗೆ ಇನ್ನೂ ಆಗ್ತಾನೇ ಇದೆ ಕಣೋ" ಎಂದಳು ಅಕ್ಕ. ಘಾಟಿಯ ತಿರುವಿನಲ್ಲಿ ಬಸ್ಸು ಉರುಳಿದ ರಾತ್ರಿಯಿಂದ ಅವಳು ಕಿಟಕಿ ಪಕ್ಕ ಕೂರುವುದಿಲ್ಲ. ಎಲ್ಲೋ ಬ್ರೇಕು ಕಿರುಗುಟ್ಟಿದರೂ ಸೆರಗಿನ ತುದಿ ಮುಷ್ಟಿಯೊಳಗೆ ಹೋಗಿಬಿಡುತ್ತದೆ. ವೈದ್ಯರು ಈಗ ಇಎಂಡಿಆರ್ ಎಂಬ ಕಣ್ಣಿನ ಚಲನೆಯ ಚಿಕಿತ್ಸೆ ಸೂಚಿಸಿದ್ದಾರೆ. ಅವರು ಕೊಟ್ಟ ಮಾಹಿತಿಪತ್ರದಲ್ಲಿ ಅವಳ ಕಷ್ಟಕ್ಕೆ 'ಮಾನಸಿಕ ಆಘಾತ' ಎಂಬ ಹೆಸರಿತ್ತು. ಅಕ್ಕನ ಮಾತಿಗೂ ಆ ಪದಕ್ಕೂ ಯಾಕೋ ಹೊಂದಲಿಲ್ಲ. ನಿಘಂಟು ತೆರೆದೆ.

ಮೂಲ ಸಂಸ್ಕೃತದ 'ಹನ್' ಧಾತು: ಹೊಡೆ, ಕೊಲ್ಲು. ಅದರಿಂದ ಘಾತ, ಅಂದರೆ ಪೆಟ್ಟು. ಈ ಪೆಟ್ಟು ಎಲ್ಲೆಲ್ಲಿಗೆ ಹೋಗಿಲ್ಲ! ಹಳೆಯ ಗಣಿತಜ್ಞರು ಗುಣಾಕಾರವನ್ನೇ ಘಾತ ಎಂದರು. ಶಾಲೆಯ ಪುಸ್ತಕದ ಘಾತಾಂಕ ಅದರ ಕುಡಿ. ಸಂಗೀತದ ಮನೆಯಲ್ಲಿ ಘಾತವೆಂದರೆ ಅಂಗೈ ತೊಡೆಗೆ ತಾಗುವ ತಾಳದ ಪೆಟ್ಟು. ತಂತಿ ಮೀಟಿದರೆ ಹುಟ್ಟುವುದು ಆಹತ ನಾದ, ಯಾರೂ ಮೀಟದೆ ಇರುವುದು ಅನಾಹತ. ಅವೂ ಇದೇ ಧಾತುವಿನವು. ಪತ್ರಿಕೆಗಳಿಗೆ ಬಂದರೆ ಅಪಘಾತ, ಹೃದಯಾಘಾತ, ಪಕ್ಷಾಘಾತ. ಎಲ್ಲ ಕಡೆಯೂ ಇದು ಕ್ಷಣದ ಪದ. 'ಆಘಾತವಾಯಿತು' ಎನ್ನುತ್ತೇವೆ, ಆಯಿತು ಎಂದಮೇಲೆ ಮುಗಿಯಿತು. ಅಕ್ಕನದು ಮುಗಿದಿಲ್ಲ.

ಆದರೆ ಘಾತಕ್ಕೆ ಇನ್ನೊಂದು ಸಂತಾನವಿದೆ. ಪ್ರಾಕೃತದ ಬಾಯಲ್ಲಿ ತಕಾರ ಸವೆದು 'ಘಾಯ'ವಾಗಿ, ಕನ್ನಡಕ್ಕೆ ಬರುವಾಗ ಮಹಾಪ್ರಾಣವನ್ನೂ ಕಳಚಿಟ್ಟು ನಮ್ಮ 'ಗಾಯ'ವಾಯಿತು. ತತ್ಸಮದಲ್ಲಿ ಪೆಟ್ಟು ಪೆಟ್ಟಾಗಿಯೇ ಉಳಿಯಿತು. ತದ್ಭವದಲ್ಲಿ ಪೆಟ್ಟು ಹೋಗಿ ಅದು ಬಿಟ್ಟುಹೋದದ್ದು ಉಳಿಯಿತು. 'ಮಾನಸಿಕ ಆಘಾತ'ಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ಟ್ರಾಮಾ' ಪದಕ್ಕೂ ಗ್ರೀಕಿನಲ್ಲಿ ಗಾಯವೆಂದೇ ಅರ್ಥ. ಬಹುಕಾಲ ಅದು ಮೈಯ ಗಾಯ ಮಾತ್ರ. ರೈಲು ಅಪಘಾತದಲ್ಲಿ ಬದುಕುಳಿದವರು ಮೇಲ್ನೋಟಕ್ಕೆ ಏನೂ ಆಗಿರದಿದ್ದರೂ ನರಳುವುದನ್ನು ಲಂಡನ್ನಿನ ಶಸ್ತ್ರವೈದ್ಯ ಎರಿಕ್‌ಸನ್ 1866ರಲ್ಲಿ ಬರೆದ. ಬೆನ್ನುಹುರಿಗೆ ಏಟಾಗಿದೆ ಎಂದು ಅವನ ಊಹೆ. 1889ರಲ್ಲಿ ಬರ್ಲಿನ್ನಿನ ಒಪನ್‌ಹೈಮ್ 'ಟ್ರಾಮಾಜನ್ಯ ನರರೋಗ' ಎಂಬ ಹೆಸರಿಟ್ಟು ಪುಸ್ತಕವನ್ನೇ ಬರೆದ. ಪದ ಮೈಯಿಂದ ಮನಸ್ಸಿಗೆ ಸರಿದದ್ದು ಹೀಗೆ, ಉರುಳಿದ ಗಾಡಿಗಳ ಹಾದಿಯಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಸೇರಿದ್ದು 1980ರಲ್ಲಿ.

ಅಕ್ಕನಿಗೆ ಸೂಚಿಸಿದ ಇಎಂಡಿಆರ್ ಹುಟ್ಟಿದ್ದು ಹೀಗೆ: 1987ರಲ್ಲಿ ಕ್ಯಾಲಿಫೋರ್ನಿಯಾದ ಫ್ರಾನ್ಸಿನ್ ಶಪೀರೊ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ಕಾಡುತ್ತಿದ್ದ ಯೋಚನೆಗಳ ಮೊನಚು ಕಣ್ಣು ಅತ್ತಿತ್ತ ಆಡಿದಾಗ ತಗ್ಗಿದ್ದನ್ನು ಗಮನಿಸಿದರು. ಎರಡು ವರ್ಷದಲ್ಲಿ ಮೊದಲ ಅಧ್ಯಯನ ಪ್ರಕಟವಾಯಿತು. ಇಂದಿನ ಕ್ರಮದಲ್ಲಿ ಎಂಟು ಹಂತಗಳಿವೆ. ಮೊದಲು ಹಿನ್ನೆಲೆ ಕೇಳುತ್ತಾರೆ, ತಡೆದುಕೊಳ್ಳುವ ಉಪಾಯ ಕಲಿಸುತ್ತಾರೆ. ನೆನಪಿಗೆ ಕೈಹಾಕುವುದು ಆಮೇಲೆ. ಸಂಕಟವೆಷ್ಟೆಂದು 0ಯಿಂದ 10ರೊಳಗೆ ಹೇಳಬೇಕು. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಚಿಕಿತ್ಸಕರ ಬೆರಳಿನ ಹಿಂದೆ ಕಣ್ಣು ಎಡಕ್ಕೂ ಬಲಕ್ಕೂ ಓಡಬೇಕು. ನೆನಪು ಹಿಡಿಯುವ ಜಾಗದಲ್ಲೇ ಇನ್ನೊಂದು ಕೆಲಸ ಸೇರಿಕೊಂಡು ಚಿತ್ರ ಮಂಕಾಗುತ್ತದೆ ಎಂಬುದು ಒಂದು ವಿವರಣೆ. ಗುಣ ಕಣ್ಣಿನಾಟದ್ದೋ, ಭಯವನ್ನು ನೇರವಾಗಿ ಎದುರಿಸಿದ್ದರದ್ದೋ ಎಂಬ ವಾದ ಇನ್ನೂ ನಿಂತಿಲ್ಲ. ಆದರೂ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿದೆ. ತರಬೇತಾದವರ ಬಳಿಯೇ ಹೋಗು ಎಂದಷ್ಟೇ ನಾನು ಅಕ್ಕನಿಗೆ ಹೇಳಿದ್ದು.

"ಮರೆತುಹೋಗುತ್ತಾ?" ಎಂದಳು. ಇಲ್ಲ, ನೆನಪು ಇರುತ್ತದೆ, ಅದು ಹಿಂದಿನದಾಗುತ್ತದೆ ಎಂದೆ. "ಆ ರಾತ್ರಿ ಕಣ್ಣಿಗೆ ಕಟ್ಟಿದ ಹಾಗಿದೆ" ಎಂಬುದು ಅವಳು ಯಾವಾಗಲೂ ಹೇಳುವ ಮಾತು. ಕಟ್ಟಿದ್ದು ಸಡಿಲವಾಗಬೇಕು.

ಕಣ್ಣು ಆಡಿಸಲಾಗದವರಿಗೆ ಕೈಮೇಲೆ ಅಥವಾ ಮಂಡಿಮೇಲೆ ಎಡಬಲ ಮೆಲ್ಲಗೆ ತಟ್ಟುವುದೂ ಉಂಟು. ಅದನ್ನು ಕೇಳಿ ಅಕ್ಕ ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಮುಷ್ಟಿಯ ಸೆರಗು ಬಿಟ್ಟು, ಎರಡು ಮಂಡಿಗಳ ಮೇಲೂ ಕೈಯಿಟ್ಟು, ಒಂದಾದ ಮೇಲೊಂದು ತಟ್ಟಿ ನೋಡಿಕೊಂಡಳು.