ಕೇರೆ, ನಾಗರಹಾವಿನ ಗಂಡನಾ?

ಪದ್ಮನಾಭನಗರದ ಖಾಲಿ ಸೈಟಲ್ಲಿ ಕೇರೆ ಕಂಡ್ರೆ ನಮ್ಮಜ್ಜಿ ಹೇಳೋರು: 'ಅದು ನಾಗರಹಾವಿನ ಗಂಡು ಕಣೋ.' ನಾನೂ ನಂಬಿದ್ದೆ. ನಂಬಿಕೆ ಹಳೇದು, ಊರೂರಲ್ಲೂ ಇದೆ.

ತಮಾಷೆ ಗೊತ್ತಾ? 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಕೂಡ ಇವೆರಡನ್ನೂ 'ಕೊಲುಬರ್' ಎಂಬ ಒಂದೇ ಜಾತಿಗೆ ಸೇರಿಸಿದ್ದ. ಆಮೇಲೆ ವಿಜ್ಞಾನಿಗಳು ಹಲ್ಲು, ವಿಷಗ್ರಂಥಿ ನೋಡಿ ಬೇರೆ ಬೇರೆ ಕುಟುಂಬಕ್ಕೆ ಹಾಕಿದರು. ಇವುಗಳ ದಾರಿ ಬೇರೆಯಾಗಿ ಕೋಟ್ಯಂತರ ವರ್ಷಗಳಾಗಿವೆ. ಹಾವುಗಳಲ್ಲಿ ಮಿಶ್ರತಳಿ ಹುಟ್ಟೋದು ತೀರಾ ಹತ್ತಿರದ ಸಂಬಂಧಿಗಳ ನಡುವೆ. ಇವು ಅಷ್ಟು ಹತ್ತಿರದವಲ್ಲ.

ಹಾಗಾದ್ರೆ ಹೆಣೆದುಕೊಂಡು ಮೇಲೇಳೋ ಆ ಜೋಡಿ? ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಕುಸ್ತಿ! ಕೇರೆಯಲ್ಲೂ ಹೆಣ್ಣಿದೆ, ನಾಗರದಲ್ಲೂ ಗಂಡಿದೆ.

ಕೇರೆ ಕಚ್ಚಿದರೆ ವಿಷವೇರಲ್ಲ, ಅದು ಇಲಿ ತಿನ್ನುತ್ತೆ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. 'ನಾಗರನ ಗಂಡ' ಅಂತ ಹೆದರಿ ದೊಣ್ಣೆ ಎತ್ತಬೇಡಿ.