ಕಡಲು, ಗುಡ್ಡ, ಹೆದ್ದಾರಿ: ಕರ್ನಾಟಕದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಜಾಡು

ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಐದು ರಾಜ್ಯಗಳನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 66, ಕಾರವಾರದ ಉತ್ತರಕ್ಕಿರುವ ಮಾಜಾಳಿಯಲ್ಲಿ ಕರ್ನಾಟಕವನ್ನು ಹೊಕ್ಕು ಮಂಗಳೂರಿನಾಚೆಯ ತಲಪಾಡಿಯಲ್ಲಿ ಕೇರಳಕ್ಕೆ ದಾಟುತ್ತದೆ. 2010ರ ಮರುಸಂಖ್ಯೆಗೆ ಮೊದಲು ಕರ್ನಾಟಕದಲ್ಲಿ ಇದು 17ನೇ ಹೆದ್ದಾರಿಯಾಗಿತ್ತು. ಕರಾವಳಿಯ ಮೂರು ಜಿಲ್ಲೆಗಳಲ್ಲಿ ಇದರ ಜಾಡನ್ನು ನಿರ್ಧರಿಸಿದ್ದು ನೆಲದ ರಚನೆ. ಆ ರಚನೆಯನ್ನು ಲೆಕ್ಕಕ್ಕಿಡದ ಅಗಲೀಕರಣವೇ ಇಂದಿನ ಅಪಾಯಗಳ ಮುಖ್ಯ ಮೂಲ ಎಂಬುದು ಈ ಲೇಖನದ ಪ್ರತಿಪಾದನೆ.

ಘಟ್ಟದಿಂದ ಇಳಿದು ಕಡಲು ಸೇರುವ ಹೊಳೆಗಳನ್ನು ಕರಾವಳಿಯ ರಸ್ತೆ ಅಡ್ಡಹಾಯಲೇಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಿಂದ ನೇತ್ರಾವತಿಯವರೆಗೆ ಸೇತುವೆಗಳ ಸಾಲೇ ಇದೆ. ಮರವಂತೆಯಲ್ಲಂತೂ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದಕ್ಕೆ ಸೌಪರ್ಣಿಕಾ. ರಸ್ತೆಗೆ ಸರಿದಾಡಲು ಜಾಗವೇ ಇಲ್ಲ. ಉತ್ತರ ಕನ್ನಡದಲ್ಲಿ ಗುಡ್ಡಗಳು ನೀರಿನ ಅಂಚಿಗೇ ಬಂದು ನಿಲ್ಲುತ್ತವೆ. ಅಲ್ಲಿ ಚತುಷ್ಪಥಕ್ಕೆ ಬೇಕಾದ ಅಗಲ ಬಹುಪಾಲು ಸಿಕ್ಕಿದ್ದು ಗುಡ್ಡದ ಬುಡ ಕಡಿದು.

ಕರಾವಳಿಯ ಅನೇಕ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ನೀರುಂಡರೆ ಮೆತ್ತಗಾಗುವ ಶೇಡಿ ಮಣ್ಣು. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಶೇಡಿಯಲ್ಲಿ ತಂಗುತ್ತದೆ. ಬುಡದ ಆಸರೆಯನ್ನೂ ನೆಟ್ಟಗೆ ಕಡಿದುಬಿಟ್ಟರೆ ಮೇಲಿನ ಭಾರವನ್ನು ತಡೆಯುವುದು ಯಾವುದು?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡ ಹೆದ್ದಾರಿಯನ್ನು ಮುಚ್ಚಿ, ರಸ್ತೆಬದಿಯ ಚಹಾ ಅಂಗಡಿಯನ್ನು ಕೊಚ್ಚಿಕೊಂಡು ಗಂಗಾವಳಿಗೆ ಬಿತ್ತು. ಉಕ್ಕಿದ ನೀರು ಎದುರು ದಂಡೆಯ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ರಸ್ತೆಯ ಮೇಲೆ ಕಾಲಿಡದವರೂ ರಸ್ತೆಯ ಅಪಾಯಕ್ಕೆ ಸಿಕ್ಕಿದರು. ಮೂರೇ ವಾರಗಳಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ರಕ್ಷಿಸಲಾಯಿತು. ಚತುಷ್ಪಥಕ್ಕಾಗಿ ಪಕ್ಕದಲ್ಲೇ ಹೊಸ ಸೇತುವೆ ಕಟ್ಟಿ, 1980ರ ದಶಕದ ಹಳೆಯದನ್ನು ಒಂದು ದಿಕ್ಕಿನ ಸಂಚಾರಕ್ಕೆ ಉಳಿಸಿಕೊಳ್ಳಲಾಗಿತ್ತು.

ಎರಡರ ಕಾರಣಗಳು ಬೇರೆ. ಆದರೆ ಎರಡೂ ಕಡೆ ಹಳೆಯ ಜಾಡಿಗೆ ಹೊಸ ಅಗಲವನ್ನು ಹೊಲಿಯಲಾಗಿತ್ತು. ಆ ಜಾಡಿನ ತಾಳಿಕೆಯನ್ನು ಮತ್ತೆ ಒರೆಗೆ ಹಚ್ಚುವ ಅಗತ್ಯವನ್ನು ಎರಡೂ ಸಾರುತ್ತವೆ. ಬೇರೆ ದಾರಿ ಇರಲಿಲ್ಲವೆನ್ನಲಾಗದು: ಇದೇ ಹೆದ್ದಾರಿಯಲ್ಲಿ ಕಾರವಾರ ಮತ್ತು ಬಿಣಗಾ ನಡುವೆ ಸುರಂಗ ಕೊರೆಯಲಾಗಿದೆ. ಸುರಂಗ ದುಬಾರಿ, ಎಲ್ಲೆಡೆ ಸಲ್ಲದು. ಆದರೆ ಇಳಿಜಾರನ್ನು ಮೆಟ್ಟಿಲಾಗಿ ಕಡಿಯುವುದು, ಗುಡ್ಡದೊಳಗಿನ ನೀರಿಗೆ ಹೊರದಾರಿ ಮಾಡುವುದು, ಹಳೆಯ ಸೇತುವೆಗಳ ಭಾರ ಪರೀಕ್ಷಿಸುವುದು ಎಲ್ಲೆಡೆ ಸಾಧ್ಯ. ಪ್ರತಿ ಮುಂಗಾರಿಗೆ ಮೊದಲು ಇವುಗಳ ತಪಾಸಣಾ ವರದಿ ಆಯಾ ಗ್ರಾಮ ಪಂಚಾಯಿತಿಯ ಕೈಸೇರಬೇಕು. ಗುಡ್ಡ ಜರಿದರೆ ಮೊದಲು ಜೀವ ತೆರುವವರು ಆ ಊರಿನವರೇ.