ಪೊಟ್ಟಣದ ಜೊತೆಗಿದ್ದ ಕಾಗದ

1949ರಲ್ಲಿ ಅಮೆರಿಕದ ಬರ್ಪಿ ಕಂಪನಿ ‘ಬಿಗ್ ಬಾಯ್’ ಎಂಬ ಹೈಬ್ರಿಡ್ ಟೊಮೆಟೊವನ್ನು ಮಾರುಕಟ್ಟೆಗೆ ತಂದಿತು. ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಮರಳಿ ಬರುವುದಿಲ್ಲ. ವರ್ಷವೂ ಅಂಗಡಿಗೇ ಹೋಗಬೇಕು. ನಾಟಿ ತಳಿ ಹಾಗಲ್ಲ. ಟೊಮೆಟೊ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ, ಮನೆಯಲ್ಲಿಟ್ಟ ಬೀಜ ತಲೆಮಾರುಗಟ್ಟಲೆ ಅದೇ ಹಣ್ಣು ಕೊಡುತ್ತದೆ.

ಇಂಥ ಬೀಜಗಳನ್ನು ಅಂಚೆಯಲ್ಲಿ ಹಂಚಿಕೊಳ್ಳಲು 1975ರಲ್ಲಿ ಡಯಾನ್ ಮತ್ತು ಕೆಂಟ್ ವೀಲಿ ದಂಪತಿ ಬಳಗವೊಂದನ್ನು ಕಟ್ಟಿದರು. ಅದೇ ಮುಂದೆ ‘ಸೀಡ್ ಸೇವರ್ಸ್ ಎಕ್ಸ್‌ಚೇಂಜ್’ ಆಯಿತು.

1990ರಲ್ಲಿ ಬಳಗದ ಸದಸ್ಯ ಕ್ರೇಗ್ ಲೆಹೂಲಿಯರ್ ಅವರಿಗೆ ಟೆನೆಸ್ಸಿಯ ತೋಟಗಾರರೊಬ್ಬರು ಹೆಸರಿಲ್ಲದ ತಳಿಯ ಬೀಜ ಕಳಿಸಿದರು. ನೂರು ವರ್ಷಗಳ ಹಿಂದೆ ಚೆರೋಕಿ ಜನ ಕೊಟ್ಟದ್ದಂತೆ ಎಂದು ಜೊತೆಗಿದ್ದ ಕಾಗದ ಹೇಳಿತ್ತು. ಹಣ್ಣು ನೇರಳೆ ಛಾಯೆಯದು. ಲೆಹೂಲಿಯರ್ ಅದಕ್ಕೆ ‘ಚೆರೋಕಿ ಪರ್ಪಲ್’ ಎಂದು ಹೆಸರಿಟ್ಟರು; ಇಂದು ಅದು ಹಲವು ದೇಶಗಳ ಹಿತ್ತಿಲಲ್ಲಿದೆ. ಆ ನೂರು ವರ್ಷಗಳ ಮಾತಿಗೆ ಆಧಾರವಾಗಿ ನಿಂತಿರುವುದು ಮಾತ್ರ ಆ ಕಾಗದವೇ.

ಬೀಜವನ್ನು ಶೈತ್ಯಾಗಾರದಲ್ಲಿ ಕಾಪಿಡಬಹುದು. ಅದು ಯಾರ ಕೈ ದಾಟಿ ಬಂತೆಂಬುದು ಬೆಳೆದವರ ನೆನಪಿನಲ್ಲಷ್ಟೇ ಇರುತ್ತದೆ. ಬೆಳೆಗಾರರ ಕೂಟವೊಂದು ಚದುರಿದರೆ ತಳಿ ಉಳಿದೀತು, ಚರಿತ್ರೆ ಉಳಿಯದು. ಹಳಬರು ಕೂತು ನೆನಪು ಹಂಚಿಕೊಳ್ಳುವಾಗ ಯಾರಾದರೂ ಬರೆದಿಟ್ಟುಕೊಳ್ಳಬೇಕು.